ಬಲಕ್ಕೆ ಜಾರುವ ಗ್ರಾಫ್: ಹದಗೆಟ್ಟ ಡಿಎನ್‌ಎ ಕೈಕೊಟ್ಟಾಗ ತಪ್ಪು ಹುಡುಕುವುದು ಹೇಗೆ?

ಬೆಳಿಗ್ಗೆ ಬಂದು ಕಂಪ್ಯೂಟರ್ ತೆರೆದಾಗ, ವ್ಯಕ್ತಿಯನ್ನು ಗುರುತಿಸಲು ತೆಗೆದ ಡಿಎನ್‌ಎ ಪ್ರೊಫೈಲಿನ ಗ್ರಾಫ್ ಹೀಗಿತ್ತು. ಅದರ ಪೀಕ್‌ಗಳು (ಶಿಖರಗಳು) ಮಾರ್ಕರ್‌ಗಳದ್ದು, ಅಂದರೆ ಜನರನ್ನು ಬೇರೆ ಮಾಡಿ ತೋರಿಸುವ ಡಿಎನ್‌ಎ ಜಾಗಗಳದ್ದು. ಎಡಕ್ಕೆ ಚಿಕ್ಕ ತುಣುಕು, ಬಲಕ್ಕೆ ಹೋದಂತೆ ಉದ್ದದ್ದು. ಎಡಗಡೆ ಗಂಡೋ ಹೆಣ್ಣೋ ಹೇಳುವ ಅಮೆಲೊಜೆನಿನ್ ಎತ್ತರಕ್ಕೆ ನಿಂತಿದೆ. ಅದರ ಪಕ್ಕದಲ್ಲಿ ಡಿ3ಎಸ್1358, ಡಿ19ಎಸ್433, ಡಿ8ಎಸ್1179 ಚೆನ್ನಾಗಿಯೇ ಬಂದಿವೆ. ನಡುವಿಗೆ ಬರುವಷ್ಟರಲ್ಲಿ ಪೀಕ್‌ಗಳು ಕುಳ್ಳಗಾಗಿವೆ. 250 ಬೇಸ್ (ಡಿಎನ್‌ಎಯ ಅಕ್ಷರ) ದಾಟಿದ ಮೇಲೆ ಏನೂ ಇಲ್ಲ. ಡಿ18ಎಸ್51, ಡಿ2ಎಸ್1338, ಸಿಎಸ್‌ಎಫ್1ಪಿಒ ಇರಬೇಕಾದ ಕಡೆ ಬರೀ ನೆಲ ಕಾಣುತ್ತಿದೆ.

ಸ್ಯಾಂಪಲ್ ಯಾವುದೆಂದರೆ ಬಹಳ ವರ್ಷ ಮಣ್ಣಿನಲ್ಲಿದ್ದ ಒಂದು ತೊಡೆ ಮೂಳೆ. ಪಕ್ಕದ ಟೇಬಲಿನ ಗೆಳೆಯರು ನೋಡಿದ ತಕ್ಷಣ ಹೇಳಿದ್ದು ಒಂದೇ ಮಾತು: "ಡಿಎನ್‌ಎ ಕಮ್ಮಿ ಆಗಿದೆ, ಇನ್ನೂ ನಾಲ್ಕು ಸೈಕಲ್ ಜಾಸ್ತಿ ಓಡಿಸಿ." (ಸೈಕಲ್ ಅಂದರೆ ಪಿಸಿಆರ್‌ನ ಒಂದು ಸುತ್ತು. ಪಿಸಿಆರ್ ಅಂದರೆ ಡಿಎನ್‌ಎ ತುಣುಕನ್ನು ಪ್ರತಿ ಮಾಡಿ ಮಾಡಿ ಹೆಚ್ಚಿಸುವ ವಿಧಾನ.) ಈ ಕೆಲಸಕ್ಕೆ ಹೊಸಬರಾದವರೂ ಹಳಬರಾದವರೂ ಮೊದಲು ಹಿಡಿಯುವ ದಾರಿ ಇದೇ. ಹತ್ತರಲ್ಲಿ ಎಷ್ಟು ಸಲ ತಪ್ಪು ಅಂತ ಲೆಕ್ಕ ಇಟ್ಟಿಲ್ಲ. ಆದರೆ ಉಳಿದ ಸ್ಯಾಂಪಲ್ ಖಾಲಿಯಾದ ಮೇಲೆ ತಪ್ಪು ಅಂತ ಗೊತ್ತಾದದ್ದನ್ನು ಕಣ್ಣಾರೆ ನೋಡಿದ್ದೇನೆ.

ಪ್ರೊಫೈಲ್ ಅರ್ಧಂಬರ್ಧ ಬರುವುದಕ್ಕೆ ಮೂರು ಬೇರೆ ಬೇರೆ ಕಾರಣ ಇರಬಹುದು. ಡಿಎನ್‌ಎ ಕಡಿಮೆ ಇರಬಹುದು. ಇದ್ದ ಡಿಎನ್‌ಎ ಚೂರುಚೂರಾಗಿರಬಹುದು. ಅಥವಾ ಡಿಎನ್‌ಎ ಚೆನ್ನಾಗಿಯೇ ಇದ್ದು, ಜೊತೆಗೆ ಬಂದ ಕೊಳೆ ಪಿಸಿಆರ್‌ಗೆ ಅಡ್ಡ ನಿಂತಿರಬಹುದು. ಗ್ರಾಫಿನಲ್ಲಿ ಮೂರೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಮದ್ದು ಮಾತ್ರ ಒಂದೊಂದಕ್ಕೂ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟರೆ ಕಾಯಿಲೆ ಜಾಸ್ತಿಯಾಗುತ್ತದೆ.

ಮೊದಲು ಮಷೀನಿನ ಮೇಲಿನ ಅನುಮಾನ ಕಳೆದುಕೊಳ್ಳಿ

ಇದು ಐದು ನಿಮಿಷದ ಕೆಲಸ. ಅದೇ ಬಾವಿಯಲ್ಲಿ (ಪ್ಲೇಟಿನ ಗುಳಿಯಲ್ಲಿ) ಓಡಿದ ಸೈಜ್ ಸ್ಟ್ಯಾಂಡರ್ಡ್, ಅಂದರೆ ಉದ್ದ ಮೊದಲೇ ಗೊತ್ತಿರುವ ತುಣುಕುಗಳನ್ನು ನೋಡಿ. ಅದರ ಪೀಕ್‌ಗಳು ಎಡದಿಂದ ಬಲದವರೆಗೆ ಸರಿಯಾದ ಎತ್ತರದಲ್ಲಿದ್ದರೆ ತುಣುಕುಗಳು ಓಡುವ ತೆಳು ಕೊಳವೆ (ಕ್ಯಾಪಿಲರಿ), ಅದರೊಳಗಿನ ಪಾಲಿಮರ್, ಇಂಜೆಕ್ಷನ್ ಎಲ್ಲ ಸರಿಯಾಗಿವೆ ಅಂತ ಅರ್ಥ. ಅದೂ ಬಲಕ್ಕೆ ಜಾರುತ್ತಿದ್ದರೆ ತಪ್ಪು ಮೂಳೆಯದ್ದಲ್ಲ, ಮಷೀನಿನದ್ದು. ಪಾಸಿಟಿವ್ ಕಂಟ್ರೋಲ್ (ಉತ್ತರ ಮೊದಲೇ ಗೊತ್ತಿರುವ ಒಳ್ಳೇ ಡಿಎನ್‌ಎ) ಕೂಡ ಪೂರ್ತಿ ಬಂದಿರಬೇಕು.

ಮಷೀನಿಗೆ ಹಾಕುವ ಮುಂಚೆ ಸ್ಯಾಂಪಲ್ ಬೆರೆಸುವ ದ್ರವವಾದ ಫಾರ್ಮಮೈಡ್ ಬಗ್ಗೆ ಒಂದು ಮಾತು. ಮತ್ತೆ ಮತ್ತೆ ಕರಗಿಸಿ ಫ್ರೀಜ್ ಮಾಡಿದ ಫಾರ್ಮಮೈಡ್ ಒಡೆದು ಅಯಾನುಗಳಾಗುತ್ತದೆ. ಕ್ಯಾಪಿಲರಿ ಒಳಗೆ ಹೋಗಲು ಆ ಅಯಾನುಗಳು ಡಿಎನ್‌ಎ ಜೊತೆ ಪೈಪೋಟಿ ಮಾಡುತ್ತವೆ. ಆಗ ಎಲ್ಲ ಸ್ಯಾಂಪಲ್‌ಗಳ ಸಿಗ್ನಲ್ಲೂ ಒಟ್ಟಿಗೆ ಇಳಿಯುತ್ತದೆ. ಒಂದೇ ಸ್ಯಾಂಪಲ್ ಕೆಟ್ಟಿದ್ದು ಉಳಿದದ್ದೆಲ್ಲ ಸರಿ ಇದ್ದರೆ ಫಾರ್ಮಮೈಡನ್ನು ಬೈಯಬೇಡಿ.

ನಮ್ಮ ತೊಡೆ ಮೂಳೆಯ ಓಟದಲ್ಲಿ ಸೈಜ್ ಸ್ಟ್ಯಾಂಡರ್ಡ್ ಸರಿಯಾಗಿತ್ತು. ಕಂಟ್ರೋಲೂ ಸರಿಯಾಗಿತ್ತು. ತಪ್ಪು ಟ್ಯೂಬಿನ ಒಳಗಿತ್ತು.

ಮೂವರನ್ನು ಬೇರೆ ಮಾಡುವುದು

ಗ್ರಾಫ್ ನೋಡಿಯೇ ಒಂದಿಷ್ಟು ಊಹೆ ಮಾಡಬಹುದು. ಡಿಎನ್‌ಎ ಕಡಿಮೆ ಇದ್ದರೆ ಪೆಟ್ಟು ಎಲ್ಲ ಕಡೆ ಬೀಳುತ್ತದೆ. ಎಡ, ಬಲ ಅಂತ ಭೇದವಿಲ್ಲ. ಒಂದು ಕಡೆ ಚಿಕ್ಕ ಮಾರ್ಕರ್ ಮಾಯ, ಇನ್ನೊಂದು ಕಡೆ ದೊಡ್ಡ ಮಾರ್ಕರ್ ಹಾಜರ್. ಜೋಡಿ ಪೀಕ್‌ಗಳಲ್ಲಿ ಒಂದು ಎತ್ತರ, ಒಂದು ಕುಳ್ಳ. ಸ್ಟಟರ್ ಅಂದರೆ ನಿಜವಾದ ಪೀಕಿನ ಹಿಂದೆ, ಒಂದು ಪುನರಾವರ್ತನೆಯಷ್ಟು ಚಿಕ್ಕದಾಗಿ ಬರುವ ನೆರಳು ಪೀಕ್. ಅದೂ ಇಲ್ಲಿ ಎಂದಿಗಿಂತ ಉದ್ದ ಬೆಳೆಯುತ್ತದೆ.

ಎಳೆ ಮುರಿದಿದ್ದರೆ ಇಳಿಜಾರು ಶಿಸ್ತಿನದ್ದು. ಚಿಕ್ಕ ತುಣುಕು ಬೇಕಾದ ಮಾರ್ಕರ್ ಬರುತ್ತದೆ, ದೊಡ್ಡದು ಬೇಕಾದದ್ದು ಬರುವುದಿಲ್ಲ. ಕಾರಣ ಸರಳ. ಪಿಸಿಆರ್ ನಡೆಯಬೇಕಾದರೆ ಎರಡು ಪ್ರೈಮರ್‌ಗಳ (ಪ್ರತಿ ಮಾಡಬೇಕಾದ ಭಾಗದ ಎರಡು ತುದಿಗೆ ಕೂರುವ ಚಿಕ್ಕ ಡಿಎನ್‌ಎ ತುಂಡುಗಳ) ನಡುವಿನ ಎಳೆ ಎಲ್ಲೂ ಕಡಿಯದೆ ಇರಬೇಕು. 110 ಬೇಸ್ ಉದ್ದದ ಹಗ್ಗ ಹುಡುಕುವುದು ಸುಲಭ, 330 ಬೇಸ್‌ನದ್ದು ಕಷ್ಟ.

ಮೂರನೆಯವನೇ ಕಿಲಾಡಿ. ಪಿಸಿಆರ್ ತಡೆಯುವ ವಸ್ತುಗಳು ಒಂದೇ ರೀತಿ ವರ್ತಿಸುವುದಿಲ್ಲ. ಕೆಲವು ಡಿಎನ್‌ಎ ಪ್ರತಿ ಮಾಡುವ ಕಿಣ್ವವನ್ನೇ ಕಟ್ಟಿಹಾಕುತ್ತವೆ, ಕೆಲವು ಡಿಎನ್‌ಎಗೇ ಅಂಟಿಕೊಳ್ಳುತ್ತವೆ, ಕೆಲವು ಮೆಗ್ನೀಸಿಯಂ ಕಸಿದುಕೊಳ್ಳುತ್ತವೆ. ಎಷ್ಟೋ ಸಲ ಉದ್ದ ಮಾರ್ಕರ್‌ಗಳೇ ಮೊದಲು ಸೋಲುತ್ತವೆ. ಆಗ ಗ್ರಾಫ್ ಮುರಿದ ಡಿಎನ್‌ಎಯ ಇಳಿಜಾರಿನ ಹಾಗೆಯೇ ಕಾಣುತ್ತದೆ. ಇನ್ನು ಕೆಲವೊಮ್ಮೆ ನಡುವಿನ ಒಂದು ಮಾರ್ಕರ್ ಮಾತ್ರ ಬಿದ್ದುಹೋಗಿ, ಅದಕ್ಕಿಂತ ಉದ್ದದ್ದು ಚೆನ್ನಾಗಿ ನಿಂತಿರುತ್ತದೆ. ಹಾಗೆ ಕಂಡರೆ ತಡೆಯ ಮೇಲೆ ಅನುಮಾನ ಪಡಿ. ಮುರಿದ ಎಳೆ ಹೀಗೆ ಆರಿಸಿಕೊಂಡು ಆಟವಾಡುವುದಿಲ್ಲ.

ಅದಕ್ಕೇ ಗ್ರಾಫನ್ನು ಬಿಟ್ಟು ಒಂದು ಹೆಜ್ಜೆ ಹಿಂದೆ, ಡಿಎನ್‌ಎ ಎಷ್ಟಿದೆ ಅಂತ ಅಳೆದ ಕ್ವಾಂಟಿಟೇಶನ್ ಫೈಲಿಗೆ ಹೋಗಬೇಕು. ಎಷ್ಟೋ ಜನ ಅದರಲ್ಲಿ ಒಂದೇ ಅಂಕಿ ನೋಡುತ್ತಾರೆ, ಒಟ್ಟು ಸಾಂದ್ರತೆ. ಈಗಿನ ಕಿಟ್‌ಗಳು ಅದಕ್ಕಿಂತ ಜಾಸ್ತಿ ಹೇಳುತ್ತವೆ. ಕ್ವಾಂಟಿಫೈಲರ್ ಟ್ರಯೊದಲ್ಲಿ ಚಿಕ್ಕ ಗುರಿ (ಅಳೆಯಲು ಹುಡುಕುವ ತುಣುಕು) 80 ಬೇಸ್, ದೊಡ್ಡದು 214 ಬೇಸ್. ಪವರ್‌ಕ್ವಾಂಟ್‌ನಲ್ಲಿ 84 ಮತ್ತು 294. ಚಿಕ್ಕದರ ಅಂಕಿಯನ್ನು ದೊಡ್ಡದರ ಅಂಕಿಯಿಂದ ಭಾಗಿಸಿದರೆ ಸಿಗುವುದೇ ಎಷ್ಟು ಹದಗೆಟ್ಟಿದೆ ಎನ್ನುವ ಸೂಚ್ಯಂಕ, ಲ್ಯಾಬಿನ ಬಾಯಲ್ಲಿ ಡಿಐ. ಅದು 1ರ ಆಸುಪಾಸು ಇದ್ದರೆ ಎಳೆ ಗಟ್ಟಿ. 10 ದಾಟಿದರೆ ಚೆನ್ನಾಗಿ ಚೂರಾಗಿದೆ. ಎರಡು ಕಿಟ್‌ಗಳ ಡಿಐಯನ್ನು ಒಂದಕ್ಕೊಂದು ಹೋಲಿಸಬೇಡಿ, ಗುರಿಗಳ ಉದ್ದವೇ ಬೇರೆ.

ಅದೇ ಫೈಲಿನಲ್ಲಿ ಇನ್ನೊಂದು ಕಾಲಂ ಇದೆ, ಒಳಗಿನ ಕಂಟ್ರೋಲ್‌ನದ್ದು, ಅಂದರೆ ಐಪಿಸಿ. ತಯಾರಕರೇ ಗೊತ್ತಿರುವಷ್ಟು ಕೃತಕ ಡಿಎನ್‌ಎ ಹಾಕಿರುತ್ತಾರೆ. ಎಲ್ಲ ಬಾವಿಗಳಲ್ಲೂ ಅದರ ಸಿಗ್ನಲ್ ಒಂದೇ ಹೊತ್ತಿಗೆ ಏರಬೇಕು. ನಿಮ್ಮ ಸ್ಯಾಂಪಲ್‌ನಲ್ಲಿ ತಡವಾಗಿ ಏರಿದರೆ ಏನೋ ಅಡ್ಡ ನಿಂತಿದೆ. ಸ್ಯಾಂಪಲ್ ಡಿಎನ್‌ಎ ವಿಪರೀತ ಜಾಸ್ತಿ ಇದ್ದರೂ ಅದು ತಡವಾಗಬಹುದು. ಆದರೆ ಹಳೇ ಮೂಳೆಯಲ್ಲಿ ಆ ಭಾಗ್ಯ ಎಲ್ಲಿಂದ ಬರಬೇಕು!

ನಮ್ಮ ಟ್ರಯೊ ಫೈಲಿನಲ್ಲಿ ಪ್ರತಿ ಮೈಕ್ರೊಲೀಟರ್‌ಗೆ ಚಿಕ್ಕ ಗುರಿ 0.05 ನ್ಯಾನೊಗ್ರಾಂ, ದೊಡ್ಡದು 0.001. ಡಿಐ 50. ಅಷ್ಟು ನೋಡಿಯೇ "ಪೂರ್ತಿ ಪುಡಿಪುಡಿ" ಅಂತ ಬರೆದು ಮುಗಿಸಬಹುದಿತ್ತು. ಆದರೆ ಐಪಿಸಿ ಎರಡು ಸೈಕಲ್ ತಡವಾಗಿತ್ತು. ಟ್ಯೂಬನ್ನು ಬಿಳಿ ಕಾಗದದ ಮುಂದೆ ಹಿಡಿದು ನೋಡಿದರೆ ದ್ರವಕ್ಕೆ ತೆಳು ಟೀ ಬಣ್ಣ ಇತ್ತು.

ಟೀ ಬಣ್ಣದ ಡಿಎನ್‌ಎ

ಶುದ್ಧ ಡಿಎನ್‌ಎ ದ್ರಾವಣ ನೀರಿನ ಹಾಗೆ ತಿಳಿಯಾಗಿರುತ್ತದೆ. ಮಣ್ಣಿನಲ್ಲಿದ್ದ ಮೂಳೆಯಿಂದ ಬಂದದ್ದಕ್ಕೆ ಕಂದು ಬಣ್ಣ ಇದ್ದರೆ ಅದು ಹ್ಯೂಮಿಕ್ ಆಮ್ಲ. ಗಿಡ, ಎಲೆ ಕೊಳೆತಾಗ ಹುಟ್ಟುವ ವಸ್ತು. ಇದು ಡಿಎನ್‌ಎಯ ಹಾಗೆಯೇ, ಡಿಎನ್‌ಎ ಶುಚಿ ಮಾಡುವ ಸಿಲಿಕಾ ಕಾಲಂ ದಾಟಿಕೊಂಡು ಜೊತೆಗೇ ಬರುತ್ತದೆ. ಬೇರೆ ಸ್ಯಾಂಪಲ್‌ಗಳಿಗೆ ಬೇರೆ ಶತ್ರುಗಳಿವೆ. ರಕ್ತದ ಕಲೆಯಲ್ಲಿ ಹೀಮಟಿನ್, ಜೀನ್ಸ್ ಬಟ್ಟೆಯಲ್ಲಿ ಇಂಡಿಗೊ, ಕೂದಲಿನಲ್ಲಿ ಮೆಲನಿನ್, ಚರ್ಮದ ಚಪ್ಪಲಿ, ಬೆಲ್ಟ್‌ಗಳಲ್ಲಿ ಟ್ಯಾನಿನ್, ಮೂಳೆಯಲ್ಲಿ ಕ್ಯಾಲ್ಸಿಯಂ ಮತ್ತು ಕೊಲಾಜನ್.

ನಾವೇ ಹಾಕಿಕೊಂಡ ಶತ್ರುಗಳೂ ಉಂಟು. ಮೂಳೆಯ ಸುಣ್ಣದ ಅಂಶ ಕರಗಿಸಲು 0.5 ಮೋಲಾರ್ ಇಡಿಟಿಎ ಬಳಸುತ್ತೇವೆ. ಅದರ ಕೆಲಸವೇ ಲೋಹದ ಅಯಾನುಗಳನ್ನು ಹಿಡಿದುಕೊಳ್ಳುವುದು. ತೊಳೆಯುವಾಗ ಪೂರ್ತಿ ಹೋಗದಿದ್ದರೆ ಪಿಸಿಆರ್ ಟ್ಯೂಬಿನಲ್ಲಿ ಕಿಣ್ವಕ್ಕೆ ಬೇಕಾದ ಮೆಗ್ನೀಸಿಯಂ ಅನ್ನೂ ಹಿಡಿದುಕೊಂಡು ಕೂರುತ್ತದೆ. ಕಾಲಂನಲ್ಲಿ ಉಳಿದ ಎಥನಾಲ್ ಕೂಡ ಹಾಗೆಯೇ ಕಾಟ ಕೊಡುತ್ತದೆ. ಕೊನೆಯ ಬಾರಿ ಖಾಲಿ ಕಾಲಂ ತಿರುಗಿಸುವ ಒಂದು ನಿಮಿಷವನ್ನು ಉಳಿಸಲು ಹೋಗಿ ಇಡೀ ದಿನ ಕಳೆದುಕೊಂಡವರಿದ್ದಾರೆ. ನಾನೂ ಅವರಲ್ಲಿ ಒಬ್ಬ.

ತಡೆ ಇದೆಯೋ ಇಲ್ಲವೋ ತಿಳಿಯಲು ಅಗ್ಗದ ಪರೀಕ್ಷೆ ಎಂದರೆ ನೀರು ಬೆರೆಸುವುದು. ಐದು ಪಟ್ಟು ತೆಳು ಮಾಡಿ ಮತ್ತೆ ಅಳೆಯಿರಿ. 0.05 ಇದ್ದದ್ದು 0.01 ಆಗಬೇಕು. 0.02 ಬಂದರೆ? ನೀರು ಹಾಕಿದರೆ ಡಿಎನ್‌ಎ ಹುಟ್ಟುವುದಿಲ್ಲವಲ್ಲ. ಅಡ್ಡ ನಿಂತದ್ದು ತೆಳುವಾಯಿತು, ಮುಚ್ಚಿಹೋಗಿದ್ದ ಡಿಎನ್‌ಎ ಕಾಣಿಸಿತು, ಅಷ್ಟೆ. ನಮಗೆ ಸುಮಾರು ಅಷ್ಟೇ ಬಂತು.

ತೆಳು ಮಾಡುವುದನ್ನೇ ಮದ್ದಾಗಿಯೂ ಬಳಸಬಹುದು, ಆದರೆ ಡಿಎನ್‌ಎ ಧಾರಾಳವಾಗಿದ್ದರೆ ಮಾತ್ರ. ಇಲ್ಲದಿದ್ದರೆ ಕೊಳೆಯ ಜೊತೆ ಡಿಎನ್‌ಎಯನ್ನೂ ತೆಳು ಮಾಡಿಕೊಂಡು ಮೊದಲನೇ ತೊಂದರೆಗೆ ಹೋಗಿ ಬೀಳುತ್ತೀರಿ. ಬಿಎಸ್‌ಎ, ಅಂದರೆ ದನದ ರಕ್ತದ ಅಲ್ಬುಮಿನ್ ಪ್ರೋಟೀನ್, ಸ್ವಲ್ಪ ಸೇರಿಸಿದರೆ ಕೊಳೆ ಕಿಣ್ವವನ್ನು ಬಿಟ್ಟು ಅದಕ್ಕೆ ಅಂಟಿಕೊಳ್ಳುತ್ತದೆ. ಕಂದು ಬಣ್ಣ ಕಣ್ಣಿಗೇ ಕಾಣುವಷ್ಟಿದ್ದರೆ ಕಾಲಂನಲ್ಲಿ ಇನ್ನೊಮ್ಮೆ ಶುಚಿ ಮಾಡುವುದೇ ಒಳ್ಳೆಯದು. ಸ್ವಲ್ಪ ಡಿಎನ್‌ಎ ಹೋಗುತ್ತದೆ. ಹೋಗಲಿ.

ಹಾಗೆ ಶುಚಿ ಮಾಡಿದ ಮೇಲೆ ನಮ್ಮ ಅಂಕಿಗಳು ಬದಲಾದವು. ಚಿಕ್ಕ ಗುರಿ 0.12, ದೊಡ್ಡದು 0.004. ಐಪಿಸಿ ಸರಿಯಾದ ಹೊತ್ತಿಗೆ ಏರಿತು. ಡಿಐ 50ರಿಂದ 30ಕ್ಕೆ ಇಳಿಯಿತು. ಡಿಎನ್‌ಎ ರಿಪೇರಿಯಾಗಲಿಲ್ಲ. ಕೊಳೆ ದೊಡ್ಡ ಗುರಿಯನ್ನು ಜಾಸ್ತಿ ತುಳಿದಿತ್ತು, ಅದಕ್ಕೇ ಮೊದಲು 50 ಕಂಡಿತ್ತು. ಕೊಳೆ ಇರುವಾಗ ಬಂದ ಡಿಐಯನ್ನು ನಂಬಬೇಡಿ.

ಅದೇನೇ ಇರಲಿ, 30 ಕೂಡ ಚಿಕ್ಕ ಅಂಕಿಯಲ್ಲ. ಕೊಳೆ ಹೋದ ಮೇಲೂ ಎಳೆ ಮುರಿದಿರುವುದು ನಿಜವೇ.

ಕಾಗದದ ಮೇಲೆ ಒಂದು ಲೆಕ್ಕ

ಇಲ್ಲಿ ಪೆನ್ನು ತೆಗೆದುಕೊಳ್ಳಿ. ಮುಂದಿನ ತೀರ್ಮಾನವೆಲ್ಲ ಇದರ ಮೇಲೆ ನಿಂತಿದೆ.

ಪಿಸಿಆರ್‌ಗೆ 15 ಮೈಕ್ರೊಲೀಟರ್ ಹಾಕುತ್ತೇವೆ ಅಂತಿಟ್ಟುಕೊಳ್ಳಿ. ಚಿಕ್ಕ ಗುರಿಯ ಪ್ರಕಾರ 15 ಸಲ 0.12, ಅಂದರೆ 1.8 ನ್ಯಾನೊಗ್ರಾಂ. ಕಿಟ್ ಕೇಳುವುದೇ 1 ನ್ಯಾನೊಗ್ರಾಂ ಅಥವಾ ಅದಕ್ಕಿಂತ ಕಡಿಮೆ. ಬೇಕಾದಷ್ಟಾಯಿತು, ಅಲ್ವಾ? ಈಗ ದೊಡ್ಡ ಗುರಿಯಿಂದ ನೋಡಿ. 15 ಸಲ 0.004, ಅಂದರೆ 0.06 ನ್ಯಾನೊಗ್ರಾಂ, 60 ಪಿಕೊಗ್ರಾಂ. ಮನುಷ್ಯನ ಒಂದು ಜೀವಕೋಶದಲ್ಲಿ ಸುಮಾರು 6.6 ಪಿಕೊಗ್ರಾಂ ಡಿಎನ್‌ಎ ಇರುತ್ತದೆ. 214 ಬೇಸ್ ಉದ್ದದ ಕಣ್ಣಿಗೆ ಈ ಟ್ಯೂಬಿನಲ್ಲಿರುವುದು ಒಂಬತ್ತು ಜೀವಕೋಶ ಮಾತ್ರ.

ಇನ್ನೂ ಮುಂದೆ ಹೋಗೋಣ. ಎಳೆ ಎಲ್ಲೆಂದರಲ್ಲಿ ಸಮನಾಗಿ ಮುರಿಯುತ್ತದೆ ಅಂದುಕೊಂಡರೆ, ಉದ್ದ ಜಾಸ್ತಿಯಾದಂತೆ ಉಳಿದ ತುಣುಕುಗಳು ಚಕ್ರಬಡ್ಡಿಯ ಲೆಕ್ಕದಲ್ಲಿ ಇಳಿಯುತ್ತವೆ. 80ರಿಂದ 214ಕ್ಕೆ, ಅಂದರೆ 134 ಬೇಸ್‌ಗಳಲ್ಲಿ 30 ಪಟ್ಟು ಇಳಿದರೆ, ಪ್ರತಿ 27 ಬೇಸ್‌ಗೆ ಅರ್ಧಕ್ಕರ್ಧ ಹೋಗುತ್ತಿದೆ. 120 ಬೇಸ್‌ನ ಮಾರ್ಕರ್‌ಗೆ ನೂರರ ಹತ್ತಿರ ಜೀವಕೋಶದಷ್ಟು ಡಿಎನ್‌ಎ ಸಿಗುತ್ತದೆ. 300 ಬೇಸ್‌ನ ಮಾರ್ಕರ್‌ಗೆ ಒಂದೇ ಒಂದು. ಒಂದೇ ಟ್ಯೂಬ್, ಒಂದೇ ಸ್ಯಾಂಪಲ್!

ಗೆಳೆಯರ ನಾಲ್ಕು ಸೈಕಲ್ ಸಲಹೆ ಏಕೆ ಬೇಡ ಅಂದೆನೋ ಈಗ ಗೊತ್ತಾಗುತ್ತದೆ. ಸೈಕಲ್ ಹೆಚ್ಚಿಸಿದರೆ ಎಡಗಡೆಯ ಪೀಕ್‌ಗಳು ಮಿತಿ ಮೀರಿ ಏರಿ, ಗ್ರಾಫಿನ ಬೇರೆ ಬಣ್ಣದ ಸಾಲುಗಳಿಗೂ ರಂಗು ಹಚ್ಚಿ ಅಲ್ಲಿ ಸುಳ್ಳು ಪೀಕ್ ಮೂಡಿಸುತ್ತವೆ. ಬಲಗಡೆ ಇಲ್ಲದ ಎಳೆ ಇಲ್ಲದೇ ಉಳಿಯುತ್ತದೆ. ಉಳಿದಿರುವ ಒಂದೆರಡು ಎಳೆಗಳಲ್ಲಿ ತಾಯಿಯಿಂದ ಬಂದದ್ದು ಸಿಕ್ಕಿ ತಂದೆಯಿಂದ ಬಂದದ್ದು ತಪ್ಪಿಹೋಗಬಹುದು, ಬರೀ ಅದೃಷ್ಟದ ಆಟ. 28ರ ಬದಲು 34 ಸೈಕಲ್ ಓಡಿಸುವ ಪದ್ಧತಿ ಇದ್ದದ್ದು ನಿಜ. ಅದು 100 ಪಿಕೊಗ್ರಾಂಗಿಂತ ಕಡಿಮೆ ಇರುವ ಸ್ಯಾಂಪಲ್‌ಗಳಿಗಾಗಿ. ಚೂರಾದ ಎಳೆಯನ್ನು ಅದು ಜೋಡಿಸುವುದಿಲ್ಲ.

ಉದ್ದ ಕಡಿಮೆ ಮಾಡಿ, ಮಾರ್ಕರ್ ಬದಲಿಸಿ

ಎಳೆ ಉದ್ದವಾಗಲಾರದು. ಹಾಗಾಗಿ ಮಾರ್ಕರ್‌ ಅನ್ನೇ ಚಿಕ್ಕದಾಗಿಸಬೇಕು.

ಎಸ್‌ಟಿಆರ್ ಅಂದರೆ ನಾಲ್ಕಕ್ಷರದ ಪದವೊಂದು ಮತ್ತೆ ಮತ್ತೆ ಬರುವ ಜಾಗ. ಎಷ್ಟು ಸಲ ಬಂದಿದೆ ಎನ್ನುವುದರಲ್ಲಿ ಜನರ ನಡುವೆ ವ್ಯತ್ಯಾಸ. ಸಾಮಾನ್ಯ ಕಿಟ್‌ಗಳಲ್ಲಿ ಪ್ರೈಮರ್‌ಗಳು ಆ ಜಾಗದಿಂದ ಬೇಕೆಂದೇ ದೂರ ಇರುತ್ತವೆ. ಒಂದೇ ಬಣ್ಣದಲ್ಲಿ ನಾಲ್ಕೈದು ಮಾರ್ಕರ್‌ಗಳನ್ನು ಉದ್ದದ ಮೇಲೆ ಬೇರೆ ಮಾಡಿ ತೋರಿಸಬೇಕಲ್ಲ, ಅದಕ್ಕೆ. ಅಂದರೆ ಸಿಎಸ್‌ಎಫ್1ಪಿಒ 300 ಬೇಸ್ ಆಗಿರುವುದು ಅದರ ಹಣೆಬರಹವಲ್ಲ, ಕಿಟ್ ಮಾಡಿದವರ ಅನುಕೂಲ. ಪ್ರೈಮರ್‌ಗಳನ್ನು ಪುನರಾವರ್ತನೆಯ ಪಕ್ಕಕ್ಕೇ ಎಳೆದರೆ ತುಣುಕು ಚಿಕ್ಕದಾಗುತ್ತದೆ. ಇದೇ ಮಿನಿ ಎಸ್‌ಟಿಆರ್. 2001ರಲ್ಲಿ ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್ ಕುಸಿದು 2,753 ಜನ ಸತ್ತಾಗ, ಬೆಂಕಿ, ನೀರು, ಕಾಲ ಮೂರೂ ಸೇರಿ ಹಾಳು ಮಾಡಿದ ಅವಶೇಷಗಳನ್ನು ಗುರುತಿಸಲು ಇವು ಕೆಲಸಕ್ಕೆ ಬಂದವು. 2007ರಲ್ಲಿ ಬಂದ ಮಿನಿಫೈಲರ್ ಕಿಟ್ ಸಾಮಾನ್ಯ ಕಿಟ್‌ಗಳಲ್ಲಿ ಮೊದಲು ಬೀಳುವ ಎಂಟು ದೊಡ್ಡ ಮಾರ್ಕರ್‌ಗಳನ್ನೇ ಆರಿಸಿಕೊಂಡಿತು.

ಒಂದು ಎಚ್ಚರಿಕೆ. ಪ್ರೈಮರ್ ಜಾಗ ಬದಲಾದರೆ ಅಪರೂಪಕ್ಕೆ ಉತ್ತರವೂ ಬದಲಾಗುತ್ತದೆ. ಹೊಸ ಪ್ರೈಮರ್ ಕೂರುವಲ್ಲಿ ಆ ವ್ಯಕ್ತಿಗೆ ಒಂದಕ್ಷರ ಬೇರೆ ಇದ್ದರೆ ಅಲ್ಲಿಯ ಅಲೀಲ್ (ತಂದೆಯಿಂದಲೋ ತಾಯಿಯಿಂದಲೋ ಬಂದ ರೂಪ) ಕಾಣದೇ ಹೋಗಬಹುದು. ಎರಡು ಕಿಟ್‌ಗಳ ನಡುವೆ ಒಂದೇ ಮಾರ್ಕರ್‌ನಲ್ಲಿ ತಕರಾರು ಬಂದರೆ "ಬೇರೆ ಮನುಷ್ಯ" ಅಂತ ಹಾರಬೇಡಿ.

ಮಿನಿ ಎಸ್‌ಟಿಆರ್‌ಗೂ ಒಂದು ಗೋಡೆ ಇದೆ. ಪ್ರೈಮರ್ ಎಷ್ಟು ಹತ್ತಿರ ಬಂದರೂ ಪುನರಾವರ್ತನೆಯ ಉದ್ದ ಹಾಗೆಯೇ ಇರುತ್ತದೆ. ಟಿಎಚ್01ರಲ್ಲಿ ಸಾಮಾನ್ಯ ಅಲೀಲ್‌ಗಳು 6ರಿಂದ 9.3 (ಒಂಬತ್ತು ಪುನರಾವರ್ತನೆ, ಮೇಲೆ ಮೂರು ಅಕ್ಷರ), ಅಂದರೆ 40 ಬೇಸ್ ಒಳಗೆ. ಡಿ21ಎಸ್11ರಲ್ಲಿ 28, 29, 30 ಸಲ ಪುನರಾವರ್ತನೆ. ಅದೇ 110ರಿಂದ 120 ಬೇಸ್ ಆಯಿತು. ಮೇಲೆ ಎರಡು ಪ್ರೈಮರ್. ಪ್ರತಿ 27 ಬೇಸ್‌ಗೆ ಅರ್ಧ ಕಳೆದುಕೊಳ್ಳುವ ನಮ್ಮಂಥ ಸ್ಯಾಂಪಲ್‌ಗೆ ಇದು ದುಬಾರಿ.

ಆಗ ಎಸ್‌ಎನ್‌ಪಿ ಕಡೆ ಹೋಗಬೇಕು. ಅಲ್ಲಿ ನೋಡಬೇಕಾದದ್ದು ಒಂದೇ ಅಕ್ಷರ. ಅದರ ಎಡ ಬಲ ಪ್ರೈಮರ್ ಕೂರಲು ಜಾಗ ಇದ್ದರೆ ಸಾಕು, 60-70 ಬೇಸ್‌ನಲ್ಲಿ ಕೆಲಸ ಮುಗಿಯುತ್ತದೆ. 2006ರಲ್ಲಿ ಪ್ರಕಟವಾದ ಎಸ್‌ಎನ್‌ಪಿ ಫಾರ್ ಐಡಿ ತಂಡದ 52 ಎಸ್‌ಎನ್‌ಪಿಗಳ ಗುಂಪಿನಲ್ಲಿ ಎಲ್ಲ ತುಣುಕುಗಳೂ 115 ಬೇಸ್ ಒಳಗೇ ಇದ್ದವು. ತೊಂದರೆ ಏನೆಂದರೆ ಒಂದು ಎಸ್‌ಎನ್‌ಪಿ ಹೇಳುವುದು ತೀರಾ ಕಡಿಮೆ. ಸಾಮಾನ್ಯವಾಗಿ ಎರಡೇ ರೂಪ. ಹತ್ತಿಪ್ಪತ್ತು ಅಲೀಲ್ ಇರುವ ಎಸ್‌ಟಿಆರ್ ಮುಂದೆ ಅದು ಬಡವ. ಹದಿಮೂರು ಎಸ್‌ಟಿಆರ್‌ಗಳ ಬಲ ಬರಬೇಕಾದರೆ 50ರ ಆಸುಪಾಸು ಎಸ್‌ಎನ್‌ಪಿ ಬೇಕು. ಇಬ್ಬರ ಡಿಎನ್‌ಎ ಬೆರೆತಿದ್ದರಂತೂ ಎರಡೇ ರೂಪದ ಮಾರ್ಕರ್‌ನಲ್ಲಿ ಯಾರದ್ದು ಯಾವುದು ಅಂತ ಬಿಡಿಸುವುದು ಕಷ್ಟ. ಡೇಟಾಬೇಸ್‌ಗಳೆಲ್ಲ ಎಸ್‌ಟಿಆರ್ ಮೇಲೆ ಕಟ್ಟಿರುವುದರಿಂದ ಹೋಲಿಸಲು ಎದುರಿನವರ ಎಸ್‌ಎನ್‌ಪಿಯನ್ನೂ ಹೊಸದಾಗಿ ತೆಗೆಯಬೇಕು.

ಇಷ್ಟಾದರೂ ಸಂಬಂಧಿಕರ ಮೂಲಕ ಗುರುತಿಸುವ ಕೇಸುಗಳಲ್ಲಿ ನನ್ನ ಒಲವು ಎಸ್‌ಎನ್‌ಪಿ ಕಡೆಗೇ. ಎಸ್‌ಟಿಆರ್‌ಗಳು ತಂದೆಯಿಂದ ಮಗನಿಗೆ ಹೋಗುವಾಗ ಸಾವಿರಕ್ಕೊಂದರ ಆಸುಪಾಸಿನಲ್ಲಿ ಬದಲಾಗುತ್ತವೆ. ಎಸ್‌ಎನ್‌ಪಿ ಅದಕ್ಕಿಂತ ಎಷ್ಟೋ ಪಟ್ಟು ಸ್ಥಿರ. ಒಂದು ಹೊಂದದಿದ್ದಾಗ "ಇದು ರೂಪಾಂತರವೋ, ಬೇರೆ ಮನೆಯವರೋ" ಎನ್ನುವ ತಲೆನೋವು ಕಡಿಮೆ.

ಅಕ್ಷರಗಳ ಸೇರ್ಪಡೆ ಅಥವಾ ಕೊರತೆ ನೋಡುವ ಇಂಡೆಲ್ ಮಾರ್ಕರ್‌ಗಳೂ ಇವೆ. ತುಣುಕು ಚಿಕ್ಕದು, ಓಡಿಸಲು ಹಳೇ ಕ್ಯಾಪಿಲರಿ ಮಷೀನೇ ಸಾಕು. ಡಿಎನ್‌ಎ ಅಕ್ಷರ ಓದುವ ಸೀಕ್ವೆನ್ಸರ್ ಇಲ್ಲದ ಲ್ಯಾಬಿಗೆ ಒಳ್ಳೇ ನಡುದಾರಿ.

ಏನೂ ಬಾರದಿದ್ದಾಗ ಮೈಟೊಕಾಂಡ್ರಿಯ

ಚಿಕ್ಕ ಗುರಿಯ ಅಂಕಿಯೇ ಸೊನ್ನೆಗೆ ಹತ್ತಿರ ಇದ್ದರೆ, ಅಥವಾ ಕೈಯಲ್ಲಿರುವುದು ಬೇರಿಲ್ಲದ ಕೂದಲಾದರೆ, ಮೈಟೊಕಾಂಡ್ರಿಯದ ಡಿಎನ್‌ಎ ನೋಡಿ. 16,569 ಬೇಸ್‌ಗಳ ಚಿಕ್ಕ ಉಂಗುರ ಅದು. ಕೋಶಬೀಜದ ಡಿಎನ್‌ಎ ಒಂದು ಕೋಶಕ್ಕೆ ಎರಡು ಪ್ರತಿ. ಇದು ನೂರಾರು, ಸಾವಿರಾರು ಪ್ರತಿ. ಎಷ್ಟು ಹಾಳಾದರೂ ಒಂದಿಷ್ಟು ಉಳಿದಿರುತ್ತದೆ. ಆದರೆ ತಾಯಿಯ ಕಡೆಯ ಎಲ್ಲರಿಗೂ ಒಂದೇ ಇರುತ್ತದೆ. "ಇವನಲ್ಲ" ಅಂತ ಗಟ್ಟಿಯಾಗಿ ಹೇಳಬಹುದು, "ಇವನೇ" ಅಂತ ಅದೊಂದನ್ನೇ ನಂಬಿ ಹೇಳುವಂತಿಲ್ಲ.

ಇದರಲ್ಲಿ ಎರಡು ಹಳ್ಳಗಳಿವೆ. ಹಳೇ ಡಿಎನ್‌ಎಯಲ್ಲಿ ಸೈಟೊಸಿನ್ (ಸಿ ಅಕ್ಷರ) ತನ್ನ ಅಮೈನೊ ಗುಂಪು ಕಳೆದುಕೊಂಡು ಯುರಾಸಿಲ್ ಆಗುತ್ತದೆ. ಕಿಣ್ವ ಅದನ್ನು ಟಿ ಅಂತ ಓದುತ್ತದೆ. ಸಿ ಇದ್ದಲ್ಲಿ ಟಿ ಕಂಡರೆ, ಬೇರೆ ಎಕ್ಸ್‌ಟ್ರಾಕ್ಟಿನಿಂದ (ಸ್ಯಾಂಪಲ್‌ನಿಂದ ತೆಗೆದ ಡಿಎನ್‌ಎ ದ್ರಾವಣದಿಂದ) ಮತ್ತೊಮ್ಮೆ ಓದದೆ ಬರೆದುಕೊಳ್ಳಬೇಡಿ. ಇನ್ನೊಂದು, ಒಬ್ಬರಲ್ಲೇ ಎರಡು ರೂಪ ಇರುವುದು. ರಷ್ಯಾದ ಕೊನೆಯ ಚಕ್ರವರ್ತಿ ಎರಡನೇ ನಿಕೊಲಸ್‌ನದ್ದು ಎನ್ನಲಾದ ಮೂಳೆಗಳಲ್ಲಿ 16169ನೇ ಜಾಗದಲ್ಲಿ ಸಿ ಮತ್ತು ಟಿ ಎರಡೂ ಇದ್ದವು. ತಾಯಿಯ ಕಡೆಯ ಜೀವಂತ ಸಂಬಂಧಿಕರಲ್ಲಿ ಬರೀ ಟಿ. 1994ರ ವರದಿಯ ಮೇಲೆ ಅನುಮಾನ ಎದ್ದದ್ದು ಅದಕ್ಕೇ. ಅವನ ತಮ್ಮ ಜಾರ್ಜಿಯ ಗೋರಿ ತೆರೆದು ನೋಡಿದಾಗ ಅಲ್ಲೂ ಅದೇ ಎರಡೂ ಅಕ್ಷರ ಸಿಕ್ಕವು. 1996ರಲ್ಲಿ ಅದು ಪ್ರಕಟವಾಯಿತು. ತಕರಾರು ತಂದಿಟ್ಟ ಅಕ್ಷರವೇ ಸಾಕ್ಷಿಯಾಯಿತು.

ಇನ್ನೂ ಚಿಕ್ಕ ಚೂರುಗಳಿಗೆ ಪ್ರೈಮರ್ ಜೋಡಿಯನ್ನೇ ಬಿಟ್ಟು, ಬೇಕಾದ ತುಣುಕುಗಳನ್ನು ಗಾಳ ಹಾಕಿ ಹಿಡಿದು ಓದುವ ಕ್ಯಾಪ್ಚರ್ ವಿಧಾನ ಇದೆ. ಕೊರಿಯಾ ಯುದ್ಧದಲ್ಲಿ ಸತ್ತ ಗುರುತು ಸಿಗದ ಅಮೆರಿಕನ್ ಸೈನಿಕರ ಮೂಳೆಗಳಿಗೆ ಅಂದೇ ರಾಸಾಯನಿಕ ಹಚ್ಚಿದ್ದರು. ಹಳೇ ಸೀಕ್ವೆನ್ಸಿಂಗ್ ಅಲ್ಲಿ ಸೋತಿತ್ತು, ಕ್ಯಾಪ್ಚರ್‌ನಿಂದ ಮೈಟೊಕಾಂಡ್ರಿಯ ಓದಲು ಸಾಧ್ಯವಾಯಿತು.

ಬಂದ ಪೀಕನ್ನೂ ಅನುಮಾನದಿಂದ ನೋಡಿ

ಮಾರ್ಕರ್ ಬದಲಿಸಿದಿರಿ, ಪೀಕ್‌ಗಳು ಬಂದವು. ಈಗ ಹೊಸ ಅಪಾಯ. ಒಂದು ಮಾರ್ಕರ್‌ನಲ್ಲಿ 14 ಪುನರಾವರ್ತನೆಯ ಅಲೀಲ್ ಮಾತ್ರ ಕಾಣುತ್ತಿದೆ. ಆ ವ್ಯಕ್ತಿ 14,14 ಇರಬಹುದು. ಅಥವಾ 14,17 ಇದ್ದು 17 ಬಿದ್ದುಹೋಗಿರಬಹುದು. 17 ಉದ್ದದ್ದು ಬೇರೆ, ಅದೇ ಮೊದಲು ಬೀಳುವುದು. ಪೀಕ್ ಕುಳ್ಳಗಿದ್ದರೆ ಇದನ್ನು ಹೋಮೋಜೈಗಸ್ (ಎರಡೂ ಅಲೀಲ್ ಒಂದೇ) ಅಂತ ಬರೆಯುವುದು ದೊಡ್ಡ ತಪ್ಪು. ಸರಿಯಾದ ಮನುಷ್ಯನನ್ನೇ ಹೊರಗೆ ಹಾಕಿಬಿಡುತ್ತೀರಿ.

ಸ್ಯಾಂಪಲ್ ಉಳಿದಿದ್ದರೆ ಮೂರು ಬಾರಿ ಬೇರೆ ಬೇರೆಯಾಗಿ ಪಿಸಿಆರ್ ಮಾಡಿ, ಕನಿಷ್ಠ ಎರಡರಲ್ಲಿ ಕಂಡ ಅಲೀಲನ್ನು ಮಾತ್ರ ಒಪ್ಪಿ. ಎಸ್‌ಟಿಆರ್‌ಮಿಕ್ಸ್, ಯುರೊಫಾರ್‌ಮಿಕ್ಸ್‌ನಂಥ ಸಾಫ್ಟ್‌ವೇರ್ ಇದ್ದರೆ ಬೀಳುವ ಸಾಧ್ಯತೆಯನ್ನು ಅದೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆದರೆ ಐಪಿಸಿ ಸರಿ ಇಲ್ಲದ ಸ್ಯಾಂಪಲ್ ಹಾಕಿ ಸಾಫ್ಟ್‌ವೇರ್ ಸರಿಮಾಡುತ್ತದೆ ಅಂತ ಕಾಯಬೇಡಿ.

ಇನ್ನೊಂದು ವಿಚಿತ್ರ ಲಕ್ಷಣ ಇದೆ: ಎಡಗಡೆ ಇಳಿಜಾರು, ಬಲಗಡೆ ಮಾತ್ರ ಇದ್ದಕ್ಕಿದ್ದಂತೆ ಚೆನ್ನಾಗಿ ನಿಂತ ಉದ್ದ ತುಣುಕಿನ ಪೀಕ್‌ಗಳು. ಹಳೇ ಮೂಳೆಯಲ್ಲಿ 350 ಬೇಸ್‌ನ ಪೀಕ್ ಠಾಕುಠೀಕಾಗಿ ಬಂದರೆ ನನಗೆ ಖುಷಿಯಾಗುವುದಿಲ್ಲ, ಭಯವಾಗುತ್ತದೆ. ಅದು ತಾಜಾ ಡಿಎನ್‌ಎ. ಮುಟ್ಟಿದವರದ್ದು, ಬಹುಶಃ ನನ್ನದೇ. ಮೊದಲು ಲ್ಯಾಬಿನವರ ಪ್ರೊಫೈಲ್‌ಗಳ ಜೊತೆ ಹೋಲಿಸಿ, ಆಮೇಲೆ ಖಾಲಿ ಎಕ್ಸ್‌ಟ್ರಾಕ್ಷನ್ ಕಂಟ್ರೋಲ್ ನೋಡಿ. ಜರ್ಮನಿ, ಆಸ್ಟ್ರಿಯ, ಫ್ರಾನ್ಸ್‌ಗಳಲ್ಲಿ ಹತ್ತಾರು ಅಪರಾಧಗಳ ಜಾಗದಲ್ಲಿ ಒಬ್ಬಳೇ ಹೆಂಗಸಿನ ಡಿಎನ್‌ಎ ಸಿಕ್ಕಿ ಪೊಲೀಸರು ವರ್ಷಗಟ್ಟಲೆ ಅಲೆದಿದ್ದರು. 2009ರಲ್ಲಿ ಗೊತ್ತಾಯಿತು, ಅದು ಹತ್ತಿಯ ಸ್ವಾಬ್ ತಯಾರಿಸುವ ಕಡೆ ಕೆಲಸ ಮಾಡುವವಳದ್ದು. ಸ್ವಾಬ್‌ಗಳು ಕ್ರಿಮಿರಹಿತವಾಗಿದ್ದವು. ಕ್ರಿಮಿ ಸತ್ತರೆ ಡಿಎನ್‌ಎ ಹೋಗುವುದಿಲ್ಲ. ಸ್ವಾಬ್, ಟ್ಯೂಬ್‌ಗಳಲ್ಲಿ ಮನುಷ್ಯರ ಡಿಎನ್‌ಎ ಇರಬಾರದು ಎನ್ನುವ ಐಎಸ್ಒ 18385 ಮಾನದಂಡ ಬಂದದ್ದು 2016ರಲ್ಲಿ.

ಮತ್ತೆ ಮೂಳೆಗೆ

ಎಲ್ಲ ಮಾಡಿಯೂ ಅಂಕಿಗಳು ಮೇಲೇಳದಿದ್ದರೆ ತಪ್ಪು ಟ್ಯೂಬಿನಲ್ಲಲ್ಲ, ಅದಕ್ಕೂ ಮೊದಲು ಆಗಿದೆ. ಪುಡಿ ಮಾಡುವಾಗ ಡ್ರಿಲ್ ಬಿಸಿಯಾಯಿತೇ? ಆ ಬಿಸಿ, ಉಳಿದಿದ್ದ ಎಳೆಯನ್ನೂ ಒಡೆಯುತ್ತದೆ. ನಿಧಾನಕ್ಕೆ ಕೊರೆಯಿರಿ, ಅಥವಾ ದ್ರವ ಸಾರಜನಕದಲ್ಲಿ ತಣ್ಣಗೆ ಮಾಡಿ ಅರೆಯಿರಿ. ಕಾಲಂ ಯಾವುದು? ತುಂಬ ಕಾಲಂಗಳು 100 ಬೇಸ್‌ಗಿಂತ ಚಿಕ್ಕ ತುಣುಕನ್ನು ಹಿಡಿಯದೆ ಚರಂಡಿಗೆ ಬಿಡುತ್ತವೆ. ನಮಗೆ ಬೇಕಾದದ್ದೇ ಅದು! ಪುರಾತನ ಡಿಎನ್‌ಎ ಓದುವವರು ಗ್ವಾನಿಡಿನ್ ಹೈಡ್ರೋಕ್ಲೋರೈಡ್, ಐಸೊಪ್ರೊಪನಾಲ್ ಜಾಸ್ತಿ ಇರುವ ಬೈಂಡಿಂಗ್ ಬಫರ್ ಬಳಸಿ ಆ ಚೂರುಗಳನ್ನೂ ಉಳಿಸಿಕೊಳ್ಳುತ್ತಾರೆ. ಅದನ್ನು ಕದಿಯುವುದರಲ್ಲಿ ನಾಚಿಕೆ ಬೇಡ.

ಸುಟ್ಟ ಮೂಳೆಯಾದರೆ ಬಣ್ಣ ನೋಡಿ ಆರಿಸಿ. ಕಂದು ಇದ್ದರೆ ಆಸೆ ಇದೆ. ಕಪ್ಪು ಕಷ್ಟ. ಬೂದು, ಬಿಳಿಯಾಗಿದ್ದರೆ ಆ ತುಂಡನ್ನು ಬಿಟ್ಟು ಬೇರೆ ಕೇಳಿ. ಒಳಗಿವಿಯನ್ನು ಸುತ್ತುವರಿದ ಗಟ್ಟಿ ಮೂಳೆಯಾದ ಪೆಟ್ರಸ್, ಹಲ್ಲು, ಪಾದದ ಚಿಕ್ಕ ಮೂಳೆಗಳು ಎಷ್ಟೋ ಸಲ ತೊಡೆ ಮೂಳೆಯಷ್ಟೇ ಅಥವಾ ಅದಕ್ಕಿಂತ ಚೆನ್ನಾಗಿ ಕೊಡುತ್ತವೆ. ರಕ್ತದ ಕಲೆಯ ಬಟ್ಟೆ ಒದ್ದೆಯಾಗಿದ್ದಾಗಲೇ ಪ್ಲಾಸ್ಟಿಕ್ ಕವರಿನಲ್ಲಿ ಬಂದಿದ್ದರೆ, ಬೂಸ್ಟು ಮತ್ತು ಬ್ಯಾಕ್ಟೀರಿಯ ನಿಮಗಿಂತ ಮುಂಚೆ ಊಟ ಮುಗಿಸಿರುತ್ತವೆ. ಒಣಗಿಸಿ ಕಾಗದದ ಕವರಿನಲ್ಲಿ ಕಳಿಸಲು ಹೇಳಿ, ಮುಂದಿನ ಸಲಕ್ಕಾದರೂ.

ನಮ್ಮ ತೊಡೆ ಮೂಳೆಗೆ ಹೊಸದಾಗಿ ಕೊರೆಯುವ ಅಗತ್ಯ ಬರಲಿಲ್ಲ. ಶುಚಿ ಮಾಡಿದ ಎಕ್ಸ್‌ಟ್ರಾಕ್ಟನ್ನು ಸಾಮಾನ್ಯ ಸೈಕಲ್‌ನಲ್ಲೇ ಮಿನಿ ಎಸ್‌ಟಿಆರ್‌ಗೆ ಹಾಕಿದೆವು, ಮೂರು ಸಲ. ಎಂಟು ಮಾರ್ಕರ್‌ಗಳಲ್ಲಿ ಆರು ಕನಿಷ್ಠ ಎರಡು ಸಲ ಒಂದೇ ಉತ್ತರ ಕೊಟ್ಟವು. ಎಫ್‌ಜಿಎ ಮಾರ್ಕರ್ ಒಂದು ಓಟದಲ್ಲಿ ಎರಡು ಅಲೀಲ್, ಇನ್ನೆರಡರಲ್ಲಿ ಒಂದೇ ಅಲೀಲ್ ತೋರಿಸಿತು. ಅದರ ಮುಂದೆ "ಪೂರ್ತಿಯಿಲ್ಲ" ಅಂತ ಬರೆದೆವು. ಡಿ21ಎಸ್11 ಬರಲೇ ಇಲ್ಲ. ಲೆಕ್ಕ ಹಾಕಿದಾಗಲೇ ಅದರ ಆಸೆ ಬಿಟ್ಟಿದ್ದೆವು. ಮೊದಲ ಓಟದ ಚಿಕ್ಕ ಮಾರ್ಕರ್‌ಗಳನ್ನೂ ಸೇರಿಸಿ ಹೋಲಿಕೆಗೆ ಕಳಿಸಿದೆವು. ಟ್ಯೂಬಿನಲ್ಲಿ ಇನ್ನೂ 11 ಮೈಕ್ರೊಲೀಟರ್ ಉಳಿದಿತ್ತು. ಅದಕ್ಕೆ "ಎಸ್‌ಎನ್‌ಪಿಗೆ, ಮುಟ್ಟಬೇಡಿ" ಅಂತ ಚೀಟಿ ಅಂಟಿಸಿ ಫ್ರೀಜರಿನಲ್ಲಿಟ್ಟೆ.